ಇಂಚು, ಸೆಂಟು ಮತ್ತು ನನ್ನ ಲೈಬ್ರರಿ

ಮನೆಯಲ್ಲಿರುವುದನ್ನು ಬಿಟ್ಟು ಹೊಸದನ್ನು ತರುವುದೆಂದರೆ ನನಗೆ ಆಗದು. ಹೆಂಡತಿ ಇದನ್ನು ಜುಗ್ಗತನ ಎನ್ನುತ್ತಾಳೆ. ನಾನು ಬಹುಕಾಲ ಜಾಣತನ ಎಂದುಕೊಂಡಿದ್ದೆ.

ನಮ್ಮ ಕೊಡಗಿನಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದಿಂಚು. ಬೆಳಿಗ್ಗೆ ಎದ್ದವರು ಅಂಗಳದ ಮಳೆಮಾಪಕ ನೋಡಿ, ಕಾಫಿಗೂ ಮೊದಲು ಪರಿಚಯದವರಿಗೆ ಫೋನ್ ಮಾಡುತ್ತಾರೆ. ನಿಮ್ಮಲ್ಲೆಷ್ಟು, ನಮ್ಮಲ್ಲಿಷ್ಟು. ಒಂದಿಂಚು ಹೆಚ್ಚು ಬಿದ್ದವರ ದನಿಯಲ್ಲಿ ಸಣ್ಣ ಜಂಬವೂ ಇರುತ್ತದೆ. ಗಾಳಿಬೀಡಿನ ಕೃಷಿಕ ಸುಬ್ಬಯ್ಯನವರು ಸುಂಟಿಕೊಪ್ಪದ ನಿವೃತ್ತ ಮೇಷ್ಟ್ರಾದ ನನಗೆ ಇಪ್ಪತ್ತು ವರ್ಷ ಹೀಗೆ ಫೋನ್ ಮಾಡಿದವರು.

ನಿವೃತ್ತನ ಕೈಗೆ ಕಂಪ್ಯೂಟರ್ ಸಿಕ್ಕರೆ ಊರಿಗೆ ಉಪಕಾರ ಮಾಡುವ ಹುಚ್ಚು ಹಿಡಿಯುತ್ತದೆ. ಸುಬ್ಬಯ್ಯನವರ ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜರಿಯಬಹುದೆಂಬ ಭಯವಿತ್ತು. ಅವರ ಅಂಗಳದಲ್ಲಿ ಮಳೆ ಅಳೆಯುವ ಯಂತ್ರವಿಟ್ಟೆ. ಒಂದು ದಿನದ ಮಳೆ ಆರು ಇಂಚು ದಾಟಿದರೆ ನನ್ನ ಕಂಪ್ಯೂಟರ್ ಅವರಿಗೆ ಫೋನ್ ಮಾಡಬೇಕು, ಅವರು ಮನೆ ಬಿಟ್ಟು ಶಾಲೆಗೆ ಹೋಗಬೇಕು. ಇನ್ನು ನೀವು ಅಳೆಯುವುದೂ ಬೇಡ, ಬೆಳಗಿನ ಫೋನೂ ಬೇಡ ಎಂದೆ.

ಯಂತ್ರದ ಸುದ್ದಿಯನ್ನು ನನ್ನ ಕಂಪ್ಯೂಟರಿಗೆ ಸಾಗಿಸಲು ಒಂದು ನೆಟ್‌ವರ್ಕ್ ಲೈಬ್ರರಿ ಕಟ್ಟಬೇಕಿತ್ತು; ಇದು ಪುಸ್ತಕದ ಲೈಬ್ರರಿಯಲ್ಲ, ಕಂಪ್ಯೂಟರ್ ಕೋಡಿನ ಕಟ್ಟು. ಯಾವ ಕಿಡಿಗೇಡಿಯೂ ಸುಳ್ಳು ಮಳೆಯ ಲೆಕ್ಕ ಕಳಿಸದಂತೆ ಕಾಯಲು ಅದಕ್ಕೊಂದು ಕ್ರಿಪ್ಟೋ ಲೈಬ್ರರಿ, ಅಂದರೆ ಗುಪ್ತಲಿಪಿಯ ಕೋಡು, ಬೇಕು. ಅದನ್ನು ಬೇರೆ ತಂದು ಜೊತೆಗೇ ಇಡಬಹುದು, ಇಲ್ಲವೇ ಕಂಪ್ಯೂಟರಿನಲ್ಲಿ ಮೊದಲೇ ಇರುವುದನ್ನು ಬಳಸಬಹುದು. ಮನೆಯಲ್ಲಿ ಅನ್ನ ಇರುವಾಗ ಬೇರೆ ಒಲೆ ಹೂಡುವುದೇಕೆ? ಇದ್ದದ್ದಕ್ಕೇ ಜೋಡಿಸಿದೆ. ಎರಡು ಮಳೆಗಾಲ ಚೆನ್ನಾಗಿ ನಡೆಯಿತು, ನಾನೂ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೂರನೆಯ ಮಳೆಗಾಲದ ಒಂದು ಬೆಳಿಗ್ಗೆ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದೆ. ಹಳೆಯ ಕ್ರಿಪ್ಟೋ ಲೈಬ್ರರಿ ಹೋಗಿ ಹೊಸದು ಬಂತು. ನಾನು ಕಟ್ಟಿದ್ದು ಹಳೆಯದನ್ನೇ ಹುಡುಕಿ, ಕಾಣದೆ, ಏಳಲೇ ಇಲ್ಲ. ಕಾರಣವನ್ನು ಕಂಪ್ಯೂಟರ್ ತನ್ನ ದಿನಚರಿಯಾದ ಲಾಗ್ ಫೈಲಿನಲ್ಲಿ ಶಿಸ್ತಾಗಿ ಬರೆದಿಟ್ಟಿತ್ತು. ಆಗ ನಾನು ತೆರೆದು ನೋಡಲಿಲ್ಲ. ಸುಂಟಿಕೊಪ್ಪದಲ್ಲಿ ಆಗಾಗ ಬಿಸಿಲೂ ಇಣುಕುತ್ತಿತ್ತು. ಕಂಪ್ಯೂಟರ್ ಸುಮ್ಮನಿದೆಯೆಂದರೆ ಗಾಳಿಬೀಡಿನಲ್ಲೂ ಮಳೆ ಕಡಿಮೆ ಎಂದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಬರೆ ಜರಿದು, ಕೊಟ್ಟಿಗೆಯಲ್ಲಿದ್ದ ಸುಬ್ಬಯ್ಯನವರ ಹೆಂಡತಿ ಸೀತಮ್ಮ ತೀರಿಕೊಂಡರು.

ಹೋಗಿ ಸುಬ್ಬಯ್ಯನವರ ಮುಂದೆ ಕೂತೆ. ನಡೆದದ್ದನ್ನು ತಿಳಿದ ಮಟ್ಟಿಗೆ ವಿವರಿಸಿ, ತಪ್ಪು ನನ್ನದೆಂದೆ. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ಮಳೆ ಕಣ್ಣೆದುರೇ ಹೊಡಿತಿತ್ತು ಮೇಷ್ಟ್ರೆ. ಹೋಗುವ ಅಂತ ಇವಳು ಎರಡು ಸಲ ಹೇಳಿದ್ಲು. ಫೋನ್ ಬರ್ಲಿ, ಮೇಷ್ಟ್ರು ಹೇಳ್ತಾರೆ ಅಂತ ನಾನೇ ಕೂರ್ಸಿದೆ."

ಎದ್ದೆ. ಮನೆಗೆ ಬಂದು ಹೊಸ ಕ್ರಿಪ್ಟೋ ಲೈಬ್ರರಿಗೆ ಜೋಡಿಸಿ ಎಲ್ಲವನ್ನೂ ಮತ್ತೆ ಕಟ್ಟಿದೆ. ಹತ್ತೇ ನಿಮಿಷ ಹಿಡಿಯಿತು. ಇದೊಂದನ್ನು ಸುಬ್ಬಯ್ಯನವರಿಗೆ ನಾನು ಹೇಳಿಲ್ಲ.