ಟೀಚರಮ್ಮ ಹಾಜರಿ ಕರೆದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಹಾಗೆ ನಗುವುದನ್ನು ಕಲಿಸಿದವರು ನನ್ನ ಅತ್ತೆಯೇ. ದೆವ್ವ, ಶಕುನ, ಮಾಟ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಆದ್ದರಿಂದ ನಾನೂ ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಅತ್ತೆ ಗುಡೇಕೋಟೆ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲೇ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿ ನಿವೃತ್ತರಾದವರು. ನಮ್ಮ ಕೇರಿಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲ ಹೆಂಗಸು. ಗಂಡ ಬೇಗ ತೀರಿಕೊಂಡ ಮೇಲೆ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ಮೈದುನರ ಮಕ್ಕಳನ್ನೂ ಓದಿಸಿದರು. ಪಿಯುಸಿ ಫೇಲಾಗಿ ಸೊಸೆಯಾಗಿ ಬಂದ ನನ್ನನ್ನೂ ಬಿಡಲಿಲ್ಲ. ರೊಟ್ಟಿ ತಾವೇ ಬಡಿದು ನನ್ನನ್ನು ಪುಸ್ತಕದ ಮುಂದೆ ಕೂರಿಸಿದರು. ಇವತ್ತು ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ನನಗೊಂದು ಕುರ್ಚಿ ಇದೆಯೆಂದರೆ ಅದು ಅವರಿಂದ. ಊರಿಗೆಲ್ಲ ಅವರು ಟೀಚರಮ್ಮ. ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು.

ಕೆಲವು ವರ್ಷಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ ಮತ್ತು ಮಾತು ಎರಡೂ ಹೋದವು. ಏಳು ತಿಂಗಳು ಒಂದಕ್ಷರ ಆಡಲಿಲ್ಲ. ನಾನು ಭಾನುವಾರಗಳಲ್ಲಿ ಬಸ್ಸು ಹತ್ತಿ ಊರಿಗೆ ಹೋಗಿ ಅವರಿಗೆ ಸ್ನಾನ ಮಾಡಿಸಿ ತಲೆ ಬಾಚುತ್ತಿದ್ದೆ.

ಅಂಥದೊಂದು ಭಾನುವಾರ ಮಧ್ಯಾಹ್ನ ಜಡೆ ಹಾಕುತ್ತಿದ್ದಾಗ ಅವರು ನೆಟ್ಟಗೆ ಕೂತು "ಅಂಜಿನಪ್ಪ" ಎಂದರು. ನಾನು ಮನೆಯಲ್ಲಿದ್ದವರನ್ನು ಕೂಗಿದೆ. "ಈರಮ್ಮ" ಎಂದರು. ಪ್ರತಿ ಹೆಸರಿಗೂ ಸ್ವಲ್ಪ ತಡೆದು, ಉತ್ತರ ಕೇಳಿಸಿದವರಂತೆ ಮುಂದೆ ಹೋಗುತ್ತಿದ್ದರು. ಬಾಗಿಲಿಗೆ ಓಡಿ ಬಂದ ನನ್ನ ಮೈದುನ ನಾಗರಾಜನ ಹೆಸರೂ ಬಂತು. ಐವತ್ತು ದಾಟಿದ ಮನುಷ್ಯ, ಯೋಚಿಸದೆ "ಹಾಜರ್ ರೀ" ಎಂದುಬಿಟ್ಟ.

"ಇದು ನಮ್ಮ ನಾಕನೇ ಕ್ಲಾಸಿನ ಹಾಜರಿ ಅತ್ತಿಗಿ. ಅದೇ ಸಾಲು, ಒಂದೂ ತಪ್ಪಿಲ್ಲ" ಎಂದ ನನ್ನ ಕಿವಿಯಲ್ಲಿ.

ಹುಲಿಗೆಮ್ಮ ಎಂಬ ಹೆಸರಿಗೆ ಬಂದಾಗ ಅವರು ಮುಂದೆ ಹೋಗಲಿಲ್ಲ. ಮೂರು ಸಲ ಕರೆದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, "ಹುಲಿಗೆಮ್ಮ ಬಂದಿಲ್ಲ. ಗುಡ್ಡಕ್ಕ ಹೋಗ್ಯಾಳ. ಯಾರರ ಹೋಗಿ ಕರ್ಕಂಡು ಬರ್ರಿ" ಎಂದರು.

ಹುಲಿಗೆಮ್ಮ ಆ ವರ್ಷವೇ ಶಾಲೆ ಬಿಟ್ಟವಳು. ಅಪ್ಪ ಅವಳನ್ನು ಆಡುಗಳ ಹಿಂದೆ ಕಳಿಸಿದ್ದ. ಟೀಚರಮ್ಮ ಎಷ್ಟೋ ಸಲ ಅವರ ಮನೆಗೆ ಹೋಗಿ ಕೇಳಿಕೊಂಡರೂ ಆತ ಒಪ್ಪಿರಲಿಲ್ಲ. ಅವಳು ಈಗಲೂ ಊರ ಅಂಚಿನಲ್ಲಿ ಒಬ್ಬಳೇ ಇದ್ದುಕೊಂಡು ಆಡು ಮೇಯಿಸುತ್ತಿದ್ದಳು. ಹಳೆಯದೆಲ್ಲ ಟೀಚರಮ್ಮನ ತಲೆಯಲ್ಲಿ ಕಲಸಿಕೊಂಡಿದೆ ಎಂದೇ ನಾವು ತಿಳಿದೆವು. ಅವರ ಸಮಾಧಾನಕ್ಕೆಂದು ನಾಗರಾಜ ಅವಳ ಮನೆಗೆ ಹೋಗಿ ಬಂದ. ಬೀಗ ಹಾಕಿತ್ತು. "ಮುಂಜಾನಿನೇ ಹೋಗ್ಯಾಳ, ಸಂಜಿಗಿ ಬರ್ತಾಳ ಬಿಡ್ರಿ" ಎಂದಿದ್ದರಂತೆ ಪಕ್ಕದವರು. ಅದನ್ನೇ ಟೀಚರಮ್ಮನಿಗೆ ಹೇಳಿದೆವು. ಅವರು ನನ್ನ ಕೈ ಬಿಡಲಿಲ್ಲ. "ಕರ್ಕಂಡು ಬಾ" ಎಂದರು, ಮಗನ ಮುಖವನ್ನೇ ನೋಡುತ್ತ.

ನಾಗರಾಜ ನಮ್ಮ ಪಕ್ಕದ ಮನೆಯವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುಡ್ಡಕ್ಕೆ ಹೊರಟ. ಹೊತ್ತು ಮುಳುಗಲು ಸ್ವಲ್ಪ ಇರುವಾಗ ಹುಲಿಗೆಮ್ಮ ಸಿಕ್ಕಳು. ಎರಡು ಬಂಡೆಗಳ ಸಂದಿಯಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಬೆಳಗಿನಿಂದ ಕೂಗಿ ಕೂಗಿ ದನಿ ಹೋಗಿತ್ತು. ಕತ್ತಲಾದರೆ ಕರಡಿಗಳು ಇಳಿಯುವ ಜಾಗ ಅದು. ರಾತ್ರಿ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವಳನ್ನು ಕೂಡ್ಲಿಗಿಯ ಆಸ್ಪತ್ರೆಗೆ ಸೇರಿಸಿ ಬಂದ ನಾಗರಾಜ, "ಸಿಕ್ಕಳವ್ವ" ಎಂದಾಗ ಟೀಚರಮ್ಮ ಅವನತ್ತ ನೋಡಿದರು, ಅಷ್ಟೇ. ಮತ್ತೆ ಅವರು ಮಾತಾಡಲಿಲ್ಲ. ಹನ್ನೆರಡನೆಯ ದಿನ ತೀರಿಕೊಂಡರು.

ಮಾತು ಹೋದವರಿಗೂ ಬಾಯಿಪಾಠವಾದದ್ದು ಕೆಲವೊಮ್ಮೆ ತಾನಾಗಿ ಹೊರಡುತ್ತದೆ ಎಂದು ಡಾಕ್ಟರು ಹೇಳಿದರು. ಒಪ್ಪುತ್ತೇನೆ. ಆದರೆ ಆ ತರಗತಿಯಲ್ಲಿ ಶಾಲೆ ಬಿಟ್ಟವರು ಇನ್ನೂ ನಾಲ್ವರಿದ್ದರು, ತೀರಿಹೋದವರು ಮೂವರು. ಅವರಲ್ಲಿ ಯಾರ ಹೆಸರಿಗೂ ಟೀಚರಮ್ಮ ನಿಲ್ಲಲಿಲ್ಲ. ಆ ದಿನವೇ, ಆ ಹೆಸರಿಗೇ ಯಾಕೆ ನಿಂತರು? ನನಗೆ ಇಂದಿಗೂ ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಹುಲಿಗೆಮ್ಮ ಕೋಲೂರಿಕೊಂಡು ಮನೆಗೆ ಬಂದಳು. ಬಂಡೆಯ ಸಂದಿಯಲ್ಲಿದ್ದಾಗ ಟೀಚರಮ್ಮ ನೆನಪಾಗಿದ್ದರೇ ಎಂದು ಕೇಳಿದೆ.

"ಇಲ್ಲವ್ವ, ಸುಳ್ಳು ಯಾಕ ಹೇಳ್ಲಿ. ಬಾಯಿ ಒಣಗಿತ್ತು, ಆಡು ಎಲ್ಲಿ ಹೋದ್ವೋ ಅಂಬೋದೇ ಚಿಂತಿ."

ನಡೆದದ್ದನ್ನೆಲ್ಲ ನಾನು ಅವಳಿಗೆ ಹೇಳಿದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ ಕೇಳಿದಳು:

"ಅಂದ್ರ ಹಾಜರಿ ಪುಸ್ತಕದಾಗ ನನ್ನ ಹೆಸರು ಅವರು ಹೊಡೆದು ಹಾಕಿರ್ಲಿಲ್ಲೇನು?"