ಡೀಸೆಲ್ ಅರಿವೆಯ ಹೊಳಪು

ಸಿಂಧನೂರಿನಲ್ಲಿ ಗಾಡಿ ತೊಳೆದವರು ಕೊನೆಗೊಮ್ಮೆ ಡೀಸೆಲ್‌ನಲ್ಲಿ ಅದ್ದಿದ ಅರಿವೆಯಿಂದ ಒರೆಸದೆ ಬಿಡುವುದಿಲ್ಲ. ಒರೆಸಿದ ಕೂಡಲೇ ಗಾಡಿ ಮಿಂಚುತ್ತದೆ. ಓಣಿ ದಾಟುವಷ್ಟರಲ್ಲಿ ಎರೆಮಣ್ಣಿನ ಧೂಳು, ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಎಲ್ಲ ಬಂದು ಆ ಎಣ್ಣೆಗೆ ಅಂಟಿಕೊಳ್ಳುತ್ತದೆ. ಮರುದಿನ ಅದೇ ಅರಿವೆಯಿಂದ ಆ ಬೂದಿಯನ್ನೇ ಬಣ್ಣದ ಮೇಲೆ ತಿಕ್ಕುತ್ತಾರೆ. ಬೇಕೆಂದೇ ಹಾಳು ಮಾಡಲು ಹೊರಟವನಿಗೂ ಇಷ್ಟು ಶ್ರದ್ಧೆ ಇರಲಾರದು. ಊರಿಗೆ ಊರೇ ಮಾಡಿದರೆ ತಪ್ಪಿಗೂ ಪದ್ಧತಿ ಎಂಬ ಮರ್ಯಾದೆ ಸಿಕ್ಕಿಬಿಡುತ್ತದೆ.

ಅಕ್ಕನ ಕೆಂಪು ಕಾರಿನ ಬಣ್ಣ ಸತ್ತದ್ದು ಹೀಗೆ. ಅರಿವೆ ಹಿಡಿದವನು ಅವಳ ಗಂಡ, ನಾನು ಮಾಮಾ ಎಂದು ಕರೆಯುವವನು. ಬಿಸಿಲು ಅರ್ಧ ಕೆಲಸ ಮಾಡಿತ್ತು, ಉಳಿದರ್ಧ ಅವನು ಮಾಡಿದ. ಬಾನೆಟ್ ಮೇಲೆ ಬೆರಳಾಡಿಸಿದರೆ ಸುಣ್ಣದ ಗೋಡೆಯಂತೆ ಪುಡಿ ಹತ್ತುತ್ತಿತ್ತು.

ಅಕ್ಕ ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳುತ್ತಾಳೆ. ಕಾರು ಬರುವ ಮೊದಲು ಮಾಮಾ ಅವಳನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದ, ಸಂಜೆ ತನಗೆ ನೆನಪಾದಾಗ ಬಂದು ಕರೆದೊಯ್ಯುತ್ತಿದ್ದ. ನೆನಪಾಗುವವರೆಗೆ ಅವಳು ಕಬ್ಬಿನ ಹಾಲಿನ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿರಬೇಕಿತ್ತು. ಕಾರು ಕಲಿತ ಮೇಲೆ ಆ ನಿಲ್ಲುವುದು ತಪ್ಪಿತ್ತು. ಈಗ ಮಾಮಾ ತನಗೊಂದು ಹೊಸ ಬಿಳಿ ಕಾರು ತಂದಿದ್ದ. ಭಾನುವಾರ ಅವನ ತಂಗಿಯ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಮನೆಗೆ ಬರುವವರಿದ್ದರು.

"ತೊನ್ನು ಹತ್ತಿದ ಎಮ್ಮಿ ನಿಂತಂಗ ಕಾಣತೈತಿ," ಎಂದ ಅಕ್ಕನ ಕಾರು ತೋರಿಸಿ. "ಗುಜರಿಗಿ ಕೊಟ್ಟುಬಿಡೂಣು. ಸ್ಟ್ಯಾಂಡಿಗಿ ನಾ ಬಿಡ್ತೀನಲ್ಲ."

"ಹೊಳದ್ರ ಇಟ್ಕೋಬಹುದೇನ್ರಿ?" ಅಕ್ಕ ಕೇಳಿದಳು.

"ಹೊಳದ್ರ ಇರಲಿ. ಹೆಂಗ ಹೊಳಿತೈತಿ ಅಂತೀನಿ."

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು. ಯಾವ ಕೆಲಸದಲ್ಲೂ ಬಹಳ ದಿನ ಕೂರದೆ, ಆಗ ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿನ ಪೇಂಟಿಂಗ್ ಗ್ಯಾರೇಜಿನವನ ಬಳಿ ಪಾಲಿಶ್ ಮಷೀನು ಕೇಳಿದಾಗ ಅವನು ನಕ್ಕ. "ಪಾಲಿಶ್‌ಗೀಲಿಶ್ ಏನ್ ಬರಲ್ರಿ ಸರ, ಪೂರಾ ಬಣ್ಣ ಹೊಡಸ್ರಿ." ಅವನ ಗ್ಯಾರೇಜಿಗೆ ಬಂದ ಯಾವ ಗಾಡಿಗೂ ಬೇರೆ ಔಷಧ ಇರಲಿಲ್ಲ. ಮಷೀನಿನ ಮೇಲಿನ ಧೂಳು ನೋಡಿದರೆ ಅದು ತೋರಿಕೆಗೆ ಇಟ್ಟದ್ದೆಂದು ತಿಳಿಯುತ್ತಿತ್ತು. ಹೇಗೋ ಕೊಟ್ಟ.

ಶನಿವಾರ ಅಕ್ಕನ ಮನೆಯ ತಗಡಿನ ನೆರಳಿನಲ್ಲಿ ಕೆಲಸ ಹಿಡಿದೆ. ಮೊದಲು ಶಾಂಪೂ ಹಾಕಿ ಹಳೆಯ ಎಣ್ಣೆಯನ್ನೆಲ್ಲ ತೆಗೆದೆ. ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಮಷೀನು ತಾಗಿದರೆ ಅಡಿಗೆ ಹೊಡೆದ ಅಸ್ತರಿನ ಬಣ್ಣ ಕಾಣುತ್ತದೆ, ಅದಕ್ಕೆ ಅಲ್ಲೆಲ್ಲ ಟೇಪು ಹಚ್ಚಿದೆ. ಸ್ಪಂಜಿನ ಬಿಲ್ಲೆಗೆ ಪಾಲಿಶ್ ಸವರಿ, ನಿಧಾನಕ್ಕೆ, ಒಂದು ಮೊಳದಷ್ಟೇ ಜಾಗ ಹಿಡಿದು ಅಡ್ಡ ಉದ್ದ ಆಡಿಸಿದೆ. ಬಿಲ್ಲೆ ಕೆಂಪಾಯಿತು.

"ಬಣ್ಣಾನ ಕಿತ್ತಾಕತ್ತಿಯಲ್ಲೋ ಅಳಿಯಾ," ಮಾಮಾ ಕುರ್ಚಿಯಿಂದಲೇ ಹೇಳಿದ.

"ಸತ್ತ ಬಣ್ಣ ಮಾಮಾ ಅದು. ಕೆಳಗ ಜೀವಂತದ್ದು ಐತಿ."

"ಏನ್ ಹೆಣಾನ ಅದು?"

ಸಾಲಗುಂದದಿಂದ ಬಂದಿದ್ದ ಅವನ ಗೆಳೆಯನೊಬ್ಬ ತಂಬಾಕು ತಿಕ್ಕುತ್ತ ನಿಂತಿದ್ದ. ಇಷ್ಟಕ್ಕೆಲ್ಲ ಮಷೀನು ಯಾಕೆ, ಒಂದು ಡೀಸೆಲ್ ಅರಿವೆ ಸಾಕು ಎಂದ. ಇಬ್ಬರೂ ತಲೆಯಾಡಿಸಿದರು. ಮೂರ್ಖತನಕ್ಕೆ ಸಾಕ್ಷಿ ಸಿಗದೆ ಹೋಗುವುದಿಲ್ಲ.

ಆ ಕಾರು ಹೊಸದಿದ್ದಾಗ ದಾಳಿಂಬೆ ಕಾಳಿನ ಕೆಂಪಿತ್ತೆಂದು ನನಗೆ ಖಾತ್ರಿಯಿತ್ತು. ಬಾಗಿಲಿನ ರಬ್ಬರು ಸರಿಸಿ ನೋಡಿದರೆ ಬಿಸಿಲು ತಾಗದ ಬಣ್ಣ ಇಟ್ಟಿಗೆಯ ಕೆಂಪಿಗೆ ಹತ್ತಿರವಿತ್ತು. ನನ್ನ ನೆನಪು ಅಂಥದ್ದು, ಆದ್ದರಿಂದ ಮುಂದೆ ಹೇಳುವುದನ್ನು ಓದುವವರು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಸಂಜೆಗೆ ಕಾರು ಎದ್ದು ನಿಂತಿತು. ತಲೆಯ ಮೇಲಿನ ತಗಡಿನ ಏಣುಗಳು ಬಾನೆಟ್‌ನಲ್ಲಿ ಒಂದೊಂದಾಗಿ ಕಾಣುತ್ತಿದ್ದವು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಬೆರಳು ಎಳೆದಳು, ಬೆರಳು ನೋಡಿಕೊಂಡಳು. ಮಾಮಾ ತನ್ನ ಮುಖ ಅದರಲ್ಲಿ ಕಂಡ ಮೇಲೆ ಮೀಸೆ ಸರಿ ಮಾಡಿಕೊಂಡ. "ಹಳೇ ಗಾಡಿ ಅಂದ್ರ ಗಟ್ಟಿ, ನಾ ಮೊದ್ಲ ಹೇಳಿದ್ನಿ," ಎಂದ.

ಭಾನುವಾರ ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ವಾಸನೆ ಬಡಿಯಿತು. ಮಾಮಾ ಕಾರನ್ನು ಅಂಗಳಕ್ಕೆ ತಂದು, ಗಂಡಿನವರಿಗೆ ಇನ್ನೂ ಚಲೋ ಕಾಣಲೆಂದು, ಟಾಪಿನಿಂದ ಬಂಪರಿನವರೆಗೆ ಡೀಸೆಲ್ ಬಳಿದಿದ್ದ. ಗಾಳಿ ಮಿಲ್ಲಿನ ಕಡೆಯಿಂದ ಬೀಸುತ್ತಿತ್ತು. ಬೀಗರು ಇಳಿಯುವಷ್ಟರಲ್ಲಿ ಕಾರು ಬೂದಿ ಬಡಿದುಕೊಂಡ ಸಾಧುವಿನಂತಾಗಿತ್ತು.

"ಇದ್ಯಾಕ್ರಿ ಹಿಂಗ?" ಗಂಡಿನ ತಾಯಿ ಕೇಳಿದರು.

"ಪಾಲಿಶ್ ನಿಲ್ಲಲಿಲ್ರಿ. ಓದಿದವ್ರ ಕೆಲಸ," ಮಾಮಾ ನನ್ನತ್ತ ಗದ್ದ ಎತ್ತಿ ತೋರಿಸಿದ. "ನಾಳಿ ಗುಜರಿಗಿ ಹೊಕ್ಕೈತಿ."

ನನ್ನ ನೆನಪಿನಲ್ಲಿ ಅಕ್ಕ ಆಗಲೇ, ಎಲ್ಲರ ಮುಂದೆ, ಇಳಕಲ್ ಸೀರೆಯಲ್ಲೇ ಬಕೆಟ್ಟು ತಂದು ಶಾಂಪೂ ಕಲಸುತ್ತಾಳೆ. ಅವಳನ್ನು ಕೇಳಿದರೆ, ಬೀಗರು ಊಟ ಮಾಡಿ ಹೋದ ಮೇಲೆ, ಮನೆಯಲ್ಲುಡುವ ಸೀರೆಯಲ್ಲಿ ತೊಳೆದೆ ಎನ್ನುತ್ತಾಳೆ. ಅವಳದೇ ನಿಜವಿರಬೇಕು. ನನ್ನದು ನನಗೆ ಬೇಕಾದಂತಿದೆ, ಅದೇ ಅದರ ದೋಷ. ಮಾಮಾನ ಮುಖ ಬೀಗರ ಮುಂದೆ ಇಳಿಯುವುದನ್ನು ನೋಡುವ ಆಸೆ ಎಷ್ಟಿತ್ತೆಂದರೆ ನೋಡಿಯೇಬಿಟ್ಟಿದ್ದೇನೆ.

ಆದರೆ ಅವಳು ತೊಳೆದದ್ದರಲ್ಲಿ ತಕರಾರಿಲ್ಲ. ನೊರೆಯೊಡನೆ ಎಣ್ಣೆ, ಬೂದಿ ಎರಡೂ ಇಳಿದವು, ಅಡಿಯಲ್ಲಿ ಬಣ್ಣ ಹಿಂದಿನ ಸಂಜೆ ಇದ್ದಂತೆಯೇ ಇತ್ತು. ಮಾಮಾ ಅರಿವೆ ಹಿಡಿದು ಹತ್ತಿರ ಬಂದ, ಅಭ್ಯಾಸಬಲದಿಂದ.

"ನಿಮ್ಮ ಬಿಳೇ ಗಾಡಿಗಿ ಏನ್ ಬೇಕಾದ್ದು ಒರಸ್ಕೋರಿ," ಅಕ್ಕ ತಿರುಗದೆ ಹೇಳಿದಳು. "ಇದಕ್ಕ ಕೈ ಹಚ್ಚಬ್ಯಾಡ್ರಿ. ಹೊಳದ್ರ ಇರಲಿ ಅಂದೀರಿ. ಹೊಳದೈತಿ."

"ನಾ ಒರಸಿದ್ದಕ್ಕ ಹೊಳದೈತಿ ಅದು."

ಅವಳು ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿದಳು.

ಸೋಮವಾರ ಬೆಳಿಗ್ಗೆ ಅವಳು ಕಾರು ಹಿಂದಕ್ಕೆ ತೆಗೆಯುವಾಗ ಮಾಮಾ ಗೇಟಿನ ಬಳಿ ನಿಂತು, ತಾನಿಲ್ಲದಿದ್ದರೆ ಗೋಡೆಗೆ ಗುದ್ದುತ್ತಾಳೆಂಬಂತೆ, "ಬರ್ಲಿ, ಬರ್ಲಿ, ಇನ್ನಷ್ಟು ಬರ್ಲಿ" ಎಂದು ಕೈಯಾಡಿಸುತ್ತಿದ್ದ. ಅಕ್ಕ ಕನ್ನಡಿಯಲ್ಲಿ ರಸ್ತೆಯನ್ನಷ್ಟೇ ನೋಡಿಕೊಂಡು ಹೊರಬಂದು, ಮಸ್ಕಿಯ ಕಡೆ ತಿರುಗಿಸಿಕೊಂಡು ಹೋದಳು. ಅವನ ಕೈ ಇನ್ನೂ ಆಡುತ್ತಲೇ ಇತ್ತು.