ಆಕಾಶವನ್ನು ಹೊಳೆ ಎಂದ ದಿನ

ದಾಂಡೇಲಿಯ ಮೊದಲ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಬಂದರೆ ಆಕಾಶವೇ ಇರಲಿಲ್ಲ. ಸುಳ್ಳಲ್ಲ, ಗದಗಿನವರೇ. ನಮ್ಮಲ್ಲಿ ಹೊಸ್ತಿಲ ಮೇಲೆ ನಿಂತರೆ ಕಪ್ಪು ಮಣ್ಣಿನ ಎರಿಹೊಲದ ಆಚೆ ತುದಿಯವರೆಗೂ ಆಕಾಶ ಬಿದ್ದುಕೊಂಡಿರುತ್ತದೆ. ಇಲ್ಲಿ ಎತ್ತ ತಿರುಗಿದರೂ ಬಿದಿರು, ಸಾಗವಾನಿ. ಅವುಗಳ ನೆತ್ತಿಯ ಮೇಲೆ ಧೋತರದ ಅಂಚಿನಷ್ಟು ಬಿಳುಪು. ಜೊತೆಗೆ ಕಾಗದದ ಗಿರಣಿಯ ಹುಳಿ ವಾಸನೆ. ಅಯ್ಯೋ ಶಿವನೇ, ಎಲ್ಲಿ ಬಂದು ಬಿದ್ದೆನಪ್ಪಾ ಎಂದುಕೊಂಡೆ.

ಬಂದದ್ದು ಗಿರಣಿಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ. ಮನಸ್ಸಿದ್ದುದು ಚಿತ್ರ ಬರೆಯುವುದರಲ್ಲಿ. ಅದೂ ದೇವರು, ಎತ್ತು, ಕೊಡ ಹೊತ್ತ ಹೆಂಗಸರ ಚಿತ್ರವಲ್ಲ. ಬರೀ ಬಣ್ಣ, ಬರೀ ಗೀರು. ಅದನ್ನು ನೋಡಿ ಊರಲ್ಲಿ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಇಲ್ಲಿ ನಗುವುದಕ್ಕೂ ಯಾರೂ ಇರಲಿಲ್ಲ.

ಇರುವುದಕ್ಕೆ ಚಾಳದಲ್ಲಿ, ಅಂದರೆ ಸಾಲುಮನೆಯಲ್ಲಿ, ಒಂದೂವರೆ ಖೋಲಿ ಸಿಕ್ಕಿತು. ಪಾಳಿ ಬದಲಾಗುವಾಗ ಗಿರಣಿ ಕೂಗುತ್ತದೆ. ಅದಕ್ಕೆ ಇಲ್ಲಿ ಭೋಂಗಾ ಎನ್ನುತ್ತಾರೆ. ಉಣ್ಣುವುದು, ಮಲಗುವುದು ಎಲ್ಲ ಅದರ ಅಪ್ಪಣೆ. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾದರೂ ಕಚೇರಿಯಲ್ಲಿ ಅರ್ಧ ಮಾತು ಮರಾಠಿಯೇ. ಸಂತೆಯಲ್ಲಿ ಜೋಯಿಡಾದ ಹೆಂಗಸರು ಕೊಂಕಣಿಯಲ್ಲಿ ಕಳಲೆ ಮಾರುತ್ತಾರೆ. ಕಳಲೆಯೆಂದರೆ ಬಿದಿರಿನ ಎಳೆ ಮೊಳಕೆ. ಗೊತ್ತಿಲ್ಲದೆ ಒಮ್ಮೆ ಹಸಿಯದನ್ನೇ ಹಾಗೆಯೇ ಒಗ್ಗರಣೆಗೆ ಹಾಕಿದೆ. ಆ ಕಹಿ ಎರಡು ದಿನ ಬಾಯಿ ಬಿಡಲಿಲ್ಲ.

ಆಗ ಸಿಕ್ಕವನು ಪಕ್ಕದ ಖೋಲಿಯ ಬಸಲಿಂಗ ಕಾಕಾ. ಹಳಿಯಾಳದ ಹತ್ತಿರದ ಹಳ್ಳಿಯವನು, ಗಿರಣಿಯಲ್ಲಿ ಬಿದಿರು ಕತ್ತರಿಸುವ ಯಂತ್ರಕ್ಕೆ ಬಿದಿರು ಒಡ್ಡುವ ಕೆಲಸ. ನನ್ನ ಸಪ್ಪೆ ಮೋರೆ ನೋಡಿ ಹೇಳಿದ: "ತಮ್ಮಾ, ಕಳಲಿ ನೀರಾಗ ನೆನಸಿ, ಆ ನೀರು ಚೆಲ್ಲಿ ಮಾಡಬೇಕೋ. ಯಾವ ಊರಾಂವ ನೀ? ಬಾ, ರೊಟ್ಟಿ ತಿನ್ನು ಬಾ."

ಆ ದಿನದಿಂದ ಅವನ ಮನೆಯ ರೊಟ್ಟಿ ನನ್ನ ರೊಟ್ಟಿಯಾಯಿತು. ಒಂದು ದಿನ ನನ್ನ ಚಿತ್ರಗಳನ್ನು ತೋರಿಸಿದೆ. ಕಾಕಾ ನಗಲಿಲ್ಲ. ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ, "ಇದರಾಗ ಏನೈತಿ ಅಂತ ಕೇಳಂಗಿಲ್ಲ. ಖರೆ, ನೋಡಾಕ ಬೇಸ್ ಐತಿ," ಎಂದ. ಮನಸ್ಸು ತುಂಬಿ ಬಂತು. ಅಷ್ಟು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ!

ಗಿರಣಿ ಸಾಹೇಬರ ಕ್ಲಬ್ಬಿನಲ್ಲಿ ನೌಕರರ ಕಲಾ ಪ್ರದರ್ಶನ ಮಾಡುತ್ತಾರೆಂದು ತಿಳಿದಾಗ, ಇಲ್ಲಿಯ ವಸ್ತುಗಳಿಂದಲೇ ಒಂದು ದೊಡ್ಡ ಚಿತ್ರ ಮಾಡಬೇಕೆಂದು ಹೊರಟೆ. ರವಿವಾರಗಳೆಲ್ಲ ಅದಕ್ಕೇ ಹೋದವು. ಹಳಿಯಾಳದ ದಾರಿಯ ಕೆಂಪು ಮಣ್ಣನ್ನು ಕಾಕಾ ಹಳೆಯ ಧೋತರದಲ್ಲಿ ಸೋಸಿ ಕೊಟ್ಟ. ಪ್ಲೈವುಡ್ ಹಲಗೆಯ ತಳಕ್ಕೆ ಆ ಮಣ್ಣನ್ನು ಅಂಟಿನಲ್ಲಿ ಕಲಸಿ ಗಟ್ಟಿಯಾಗಿ ಮೆತ್ತಿದೆ. ಅದರಿಂದ ಮೇಲೇಳುವ ಹಾಗೆ ಬಿದಿರಿನ ಸಿಪ್ಪೆಗಳು, ನಡುವೆ ಹರಿದ ಕಾಗದ, ಮಸಿ. ತೀರ ಮೇಲೆ ಕಾಗದದ ಮುದ್ದೆಯ ಒಂದು ಬಿಳಿ ಪಟ್ಟಿ. ಅದು ಇಲ್ಲಿ ನನಗೆ ಸಿಕ್ಕ ಆಕಾಶ. ಸಿಪ್ಪೆ ಅಂಟಿಸುವಾಗ ಕಾಕಾ ಒಂದೊಂದನ್ನೂ ಗಿಣ್ಣು ಮುಟ್ಟಿ ನೋಡಿ ಕೊಡುತ್ತಿದ್ದ. "ಬುಡ ತೆಳಗ ಇರ್ಲಿ, ತುದಿ ಮ್ಯಾಲ. ಬೆಳದಂಗ ಹಚ್ಚೋ ತಮ್ಮಾ."

ಪ್ರದರ್ಶನದ ದಿನ ನಾನು ಬಾಗಿಲಲ್ಲಿ ಅತಿಥಿಗಳಿಗೆ ನಮಸ್ಕಾರ ಹೊಡೆಯುವ ಗಡಿಬಿಡಿಯಲ್ಲಿದ್ದೆ. ಆಮೇಲೆ ಒಳಗೆ ಹೋದೆ. ಯಾರೋ ನನ್ನ ಚಿತ್ರವನ್ನು ತಲೆಕೆಳಗಾಗಿ ತೂಗಿಹಾಕಿದ್ದರು. ಇಳಿಸೋಣವೆಂದರೆ ಅದರ ಮುಂದೆ ಆಗಲೇ ಮುಂಬಯಿಯ ಅತಿಥಿ ನಿಂತಿದ್ದರು, ಚಿತ್ರಗಳನ್ನು ಬಲ್ಲವರೆಂದು ಹೆಸರಾದವರು. "ವಾ! ಕಾಡೇ ಕಾಳಿ ಹೊಳೆಗೆ ಇಳಿಯುತ್ತಿದೆ! ಕೆಳಗಿನ ಈ ಬಿಳಿ ನೀರು ನೋಡಿ!" ಎಂದು ಮರಾಠಿಯಲ್ಲಿ ಹೊಗಳಿದರು. ಮುಂಬಯಿಯ ಪ್ರದರ್ಶನಕ್ಕೆ ಇದನ್ನು ತಾವೇ ಒಯ್ಯುವುದಾಗಿ ಹೇಳಿದರು. ನಾನು ಕೈ ಮುಗಿದೆ.

ಕಾಕಾ ಪಾಳಿ ಮುಗಿಸಿ, ಮಡಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ. ಗುಂಪಿನ ಹಿಂದಿನಿಂದ ಅವನ ದನಿ ಬಂತು: "ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ಇದು ತೆಳಗ ಮ್ಯಾಲ ಆಗೇತ್ರಿ. ಬಿದರಿನ ಬುಡ ಮ್ಯಾಲ ಬಂದೈತಿ."

ಎಲ್ಲರೂ ನಕ್ಕರು. ಅತಿಥಿ ನನ್ನ ಕಡೆ ತಿರುಗಿ ಹೌದೇ ಎಂದು ಕೇಳಿದರು. ಒಂದೇ ಮಾತು ಸಾಕಿತ್ತು. ಕಾಕಾ ಆ ಮಾತಿಗಾಗಿ ನನ್ನ ಮೋರೆ ನೋಡುತ್ತಿದ್ದ.

"ಇಲ್ಲ, ಸರಿಯಾಗಿಯೇ ಇದೆ. ಕೆಳಗಿರುವುದು ಹೊಳೆ," ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ ನನ್ನ ಹಾಳು ನಾಲಗೆ. "ಅವರಿಗೆ ಇವೆಲ್ಲ ತಿಳಿಯುವುದಿಲ್ಲ," ಎಂದು ಸೇರಿಸಿ ನಾನೂ ನಕ್ಕೆ.

ಕಾಕಾ "ಹೌದೇನು?" ಎಂದಷ್ಟೇ ಅಂದು, ಚಹಾ ಕುಡಿಯದೆ ಹೊರಟುಹೋದ.

ಚಿತ್ರ ಮುಂಬಯಿಗೆ ಹೋಯಿತು. ನನಗೆ ಕ್ಲಬ್ಬಿನ ಬಾಗಿಲು ತೆರೆಯಿತು, ಸಾಹೇಬರ ಮನೆಗಳಿಂದ ಚಹಾಕ್ಕೆ ಕರೆ ಬರತೊಡಗಿತು. ಹದಿನೈದು ದಿನ ಕಾಕಾನ ಕಣ್ಣು ತಪ್ಪಿಸಿದೆ. ಕೊನೆಗೆ ತಡೆಯಲಾರದೆ ಹೋಗಿ, "ಕಾಕಾ, ಅವತ್ತು ನೀ ಹೇಳಿದ್ದ ಖರೆ. ನಂದ ತಪ್ಪು," ಎಂದೆ.

ಕಾಕಾ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನನಗ ಹೇಳೂದೇನೈತ್ರಿ? ನನಗ ಅವತ್ತ ಗೊತ್ತಿತ್ತು. ನೀವು ಹೇಳಬೇಕಾಗಿದ್ದು ಅಲ್ಲಿ," ಎಂದ.

ಮುಂಬಯಿಗೆ ಬರೆದು ಚಿತ್ರ ತಿರುಗಿಸಿ ಎನ್ನಬಹುದು. ಇಂದಿಗೂ ಬರೆದಿಲ್ಲ. ಹೊಗಳಿದ ದೊಡ್ಡವರ ಮುಖ ಕೆಡಿಸುವ ಧೈರ್ಯ ನನಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ನಾಲ್ಕು ವರ್ಷವಾಯಿತು. ಗದಗಿಗೆ ಬಂದರೆ ನೀವು ದಾಂಡೇಲಿಯವ ಬಂದ ಎನ್ನುತ್ತೀರಿ. ದಾಂಡೇಲಿಯಲ್ಲಿ ನನ್ನನ್ನು ತಮ್ಮಾ ಎಂದವನು ಒಬ್ಬನೇ. ಈಗಲೂ ಅವನ ಮನೆಗೆ ಹೋಗುತ್ತೇನೆ. "ಬರ್ರಿ ಸಾಹೇಬ್ರ," ಎಂದು ಒಳಗಿನಿಂದ ಕುರ್ಚಿ ತಂದು ಹಾಕುತ್ತಾನೆ. ನಾನು ಎದ್ದು ಹೊರಡುವವರೆಗೂ ತಾನು ನಿಂತೇ ಇರುತ್ತಾನೆ.